ಗಾಳಿಯಲ್ಲಿ ಆರಿಸಿದ ಹಿಡಿ

ನಮ್ಮತ್ತೆಯನ್ನು ಬೀದಿಯವರು ದಬ್ಬಳದಮ್ಮ ಅನ್ನುತ್ತಾರೆ. ಚರ್ಮಕ್ಕೆ ತೂತು ಹೊಡೆಯುವ, ಮರದ ಹಿಡಿಯ ದಬ್ಬಳ ಇಪ್ಪತ್ತೆಂಟು ವರ್ಷದಿಂದ ಅವರ ಬಲಗೈಯಲ್ಲಿದೆ; ಅಷ್ಟೇ ಚೂಪಾದದ್ದು ಇನ್ನೊಂದು ಬಾಯಲ್ಲಿದೆ. ನಾನು ಮದುವೆಯಾಗಿ ಬಂದ ಮೂರನೇ ದಿನ ನನ್ನ ಕೆಲಸ ನೋಡಿ, "ಇದು ಹೊಲಿಗೆನಾ, ದಾರಿ ತಪ್ಪಿದ ಇರುವೆ ಸಾಲಾ?" ಅಂದಿದ್ದರು.

ಮಾವ ತೀರಿಕೊಂಡಾಗ, ಮನೆಯ ಮುಂದಿನ ಕೋಣೆಯಲ್ಲಿರುವ ಈ ಅಂಗಡಿಯನ್ನು ಮುಚ್ಚಿಬಿಡು ಅಂದವರಿಗೆಲ್ಲ ಬಾಗಿಲು ತೋರಿಸಿ, ಬೆಲ್ಟು ಚೀಲ ಹೊಲಿದೇ ಇಬ್ಬರು ಗಂಡುಮಕ್ಕಳನ್ನು ಸಾಕಿದವರು. ಕಿಟಕಿ ಪಕ್ಕದ ಮಣೆ ಅವರದು. ಬೇರೆ ಯಾರೂ ಅಲ್ಲಿ ಕೂರುವಂತಿಲ್ಲ. ನನ್ನ ಏಳು ತಿಂಗಳ ಮಗಳನ್ನೂ ಒಮ್ಮೆ ಅಲ್ಲಿಂದ ಎತ್ತಿ, ಬೆಕ್ಕಿನ ಮರಿಯ ಹಾಗೆ ತಂದು ನನ್ನ ಮಡಿಲಿಗೆ ಹಾಕಿದ್ದರು.

ಆ ಮಣೆಗೇ ಹೋದ ತಿಂಗಳು ಸಂಚಕಾರ ಬಂತು. ಅತ್ತೆಯ ಹೆಬ್ಬೆರಳ ಬುಡ ಊದಿಕೊಂಡು, ಹತ್ತು ತೂತು ಹೊಡೆಯುವಷ್ಟರಲ್ಲಿ ಕೈ ಮರಗಟ್ಟತೊಡಗಿತು. ಮೈದುನ ಅದನ್ನೇ ಕಾಯುತ್ತಿದ್ದವನ ಹಾಗೆ ಶುರುಮಾಡಿದ.

"ಸೋಮವಾರ ಚರ್ಮ ಹೊಲಿಯೋ ಮಷೀನ್ ತರ್ತೀನಿ. ಕಿಟಕಿ ಹತ್ರ ಬೆಳಕಿದೆ, ಅಲ್ಲೇ ಇಡೋದು. ಅಮ್ಮ, ನೀನಿನ್ನು ಮೊಮ್ಮಗಳನ್ನ ನೋಡ್ಕೊಂಡು ಆರಾಮಾಗಿರು."

"ಆರಾಮಾಗಿರೋಕೆ ನಾನೇನು ಸತ್ತಿದ್ದೀನಾ?"

ನಮ್ಮವರು, ಮನೆಯಲ್ಲಿ ಜಗಳ ಹತ್ತಿದಾಗಲೆಲ್ಲ ಮಾಡುವಂತೆ, ತಲೆ ತಗ್ಗಿಸಿ ದಾರಕ್ಕೆ ಮೇಣ ಉಜ್ಜತೊಡಗಿದರು. ಆ ವಾರ ಅವರು ಉಜ್ಜಿದ ದಾರ ವರ್ಷಕ್ಕೆ ಸಾಕು.

ನಾನು ಮಗುವಿಗೆ ಹಾಲು ಕುಡಿಸುತ್ತಾ ಅತ್ತೆಯ ಕೈಯನ್ನೇ ನೋಡುತ್ತಿದ್ದೆ. ಅವರ ದಬ್ಬಳದ ಹಿಡಿ ನನ್ನ ಕಿರುಬೆರಳಿಗಿಂತ ಒಂಚೂರು ದಪ್ಪ, ಅಷ್ಟೆ. ಹಿಸುಕಿ ಹಿಡಿಯದಿದ್ದರೆ ಕೈಯಲ್ಲಿ ನಿಲ್ಲುವುದಿಲ್ಲ. ಹತಾರದ ಅಂಗಡಿಯವನು ಹೆಂಗಸರ ಕೈ ಕಂಡರೆ ಸಾಕು, ಸಪೂರ ಹಿಡಿಯದನ್ನೇ ಮುಂದಿಡುತ್ತಾನೆ. ಅತ್ತೆ ಅದನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ, "ಹಗುರ ಇದೆ" ಅಂತ ತಂದುಬಿಡುತ್ತಾರೆ. ಗಾಳಿಗೆ ಯಾರಾದರೂ ತೂತು ಹೊಡೆಯುತ್ತಾರೆಯೇ? ಎರಡು ಪದರ ಚರ್ಮದ ಮೇಲೆ ಅರ್ಧ ಗಂಟೆ ಊರಿ ನೋಡಬೇಕು. ಹಿಡಿಯ ಗುಂಡು ತುದಿ ಅಂಗೈ ಗುಳಿಯಲ್ಲಿ ಕೂತು ಭಾರವನ್ನೆಲ್ಲ ಅಂಗೈಯೇ ಹೊರಬೇಕು. ಹೆಬ್ಬೆರಳು ಬರೀ ದಾರಿ ತೋರಿಸಬೇಕು. ಹೆರಿಗೆಯಾದ ಮೇಲೆ ಮಗುವನ್ನು ಎತ್ತಲಾರದಷ್ಟು ಮಣಿಕಟ್ಟು ನೋಯುತ್ತಿದ್ದಾಗ ನಾನು ಕಲಿತದ್ದು ಇದು.

ಹೇಳಿ ನೋಡಿದೆ.

"ನಿನ್ನೆ ಮೊನ್ನೆ ಸೂಜಿ ಹಿಡಿದವಳು ನನಗೆ ಕಲಿಸೋಕೆ ಬಂದ್ಯಾ?"

ಬುಡ ಉಬ್ಬಿದ, ದಪ್ಪ ಹಿಡಿಯದೊಂದನ್ನು ತಂದು ಕೊಟ್ಟೆ.

"ಇದೇನೇ, ದಬ್ಬಳನೋ ಬದನೆಕಾಯೋ? ಒಲೆ ಮೇಲಿಡು ಹೋಗು!" ಅಂತ ಚೂರುಪಾರಿನ ಬುಟ್ಟಿಗೆ ಎಸೆದರು.

ಬುಟ್ಟಿಯಿಂದ ಎತ್ತಿಕೊಂಡೆ. ಜಾರದಿರಲಿ ಅಂತ ಹಿಡಿಗೆ ಮೆತ್ತನೆಯ ಚರ್ಮದ ಪಟ್ಟಿಯನ್ನು ಎರಡು ಸುತ್ತು ಸುತ್ತಿ ಅಂಟಿಸಿದೆ. ಶನಿವಾರ ಬೆಳಿಗ್ಗೆ ಅತ್ತೆಯ ಎದುರಿಗೇ ಕೂತು, ಚೀಲದ ಪಟ್ಟಿಯೊಂದಕ್ಕೆ ಬೇಕೆಂದೇ ಸೊಟ್ಟಗೆ ತೂತು ಹೊಡೆಯತೊಡಗಿದೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಅವರ ತಾಳ್ಮೆ ಮುಗಿಯಿತು.

"ಕೊಡೇ ಇಲ್ಲಿ! ಕಣ್ಣು ಮನೆಲಿಟ್ಟು ಬಂದಿದ್ದೀಯಾ?"

ಇರುವುದೇ ಮನೆಯಲ್ಲಿ ಅನ್ನಲು ಬಾಯಿ ತೆರೆದು ಮುಚ್ಚಿಕೊಂಡೆ. ದಬ್ಬಳ, ಪಟ್ಟಿ ಎರಡನ್ನೂ ಕಸಿದುಕೊಂಡು ಅತ್ತೆ ಶುರುಮಾಡಿದರು. ಒಂದೊಂದು ತೂತಿಗೆ ಒಂದೊಂದು ಬೈಗುಳ. ನನಗೆ ಕೆಲಸ ಕಲಿಸದ ನನ್ನಮ್ಮನಿಗೆ ಎಂಟು ಹತ್ತು, ನನ್ನ ಸೋಮಾರಿತನಕ್ಕೆ ಒಂದು ಡಜನ್, ಮಗುವಿಗೆ ಟೋಪಿ ಹಾಕದ್ದಕ್ಕೂ ಕೆಲವು. ಮೂವತ್ತಾಯಿತು, ನಲವತ್ತಾಯಿತು. ಕೈ ಕೊಡವಲು ಒಂದು ಸಲವೂ ನಿಲ್ಲಲಿಲ್ಲ. ಪಟ್ಟಿ ಮುಗಿದಾಗಲೇ ಅವರಿಗೆ ಅದು ಹೊಳೆದದ್ದು. ಅಂಗೈ ಬಿಚ್ಚಿದರು, ಮುಚ್ಚಿದರು. ನಾನು ಮಗುವಿನ ಮೂಗು ಒರೆಸುತ್ತಾ ಕೂತೆ.

"ಬೇಕಂತ ಸೊಟ್ಟ ಹೊಡೆದೆ ಅಲ್ವೇನೇ?"

"ಹೌದತ್ತೆ."

"ಕಳ್ಳಿ! ಒಳ್ಳೇ ಚರ್ಮ ಹಾಳು ಮಾಡಿದೆ." ದಬ್ಬಳ ವಾಪಸ್ ಕೊಡಲಿಲ್ಲ.

ಸೋಮವಾರ ಮೈದುನ ಇಬ್ಬರು ಆಳುಗಳ ಕೈಲಿ ಮಷೀನು ಹೊರಿಸಿಕೊಂಡು ಬಂದ. ಅತ್ತೆ ಮಣೆಯ ಮೇಲಿದ್ದರು. ತಲೆ ಎತ್ತಲಿಲ್ಲ.

"ಏಳಮ್ಮ."

"ಈ ಪಟ್ಟಿ ಮುಗೀಲಿ."

ಮುಗಿಯಿತು. ಇನ್ನೊಂದು ತೆಗೆದುಕೊಂಡರು. ಆಳುಗಳು ಮಷೀನನ್ನು ಬಾಗಿಲಲ್ಲೇ ಇಳಿಸಿ ಬೆವರು ಒರೆಸಿಕೊಂಡರು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅಂತ ಮೈದುನ ಅಮ್ಮನ ಕೈಯನ್ನೇ ನೋಡುತ್ತಿದ್ದ. ಮೂರನೇ ಪಟ್ಟಿ ಅರ್ಧವಾದಾಗ ಅವನೇ ಸೋತ.

"ಇದನ್ನೇನು ತಲೆ ಮೇಲೆ ಇಟ್ಕೊಳ್ಲಾ?"

"ಗೋಡೆ ಕಡೆ ಇಡು. ಬೆಳಕು ಬೇಕಿದ್ರೆ ಬಲ್ಬ್ ಹಾಕ್ಕೋ."

ಅವನು ನನ್ನತ್ತ ತಿರುಗಿದ. "ಅತ್ತಿಗೆ, ಇದೆಲ್ಲ ನಿಮ್ಮ ಕಿತಾಪತಿ."

ಅತ್ತೆ ದಾರವನ್ನು ಹಲ್ಲಿನಲ್ಲಿ ಕಡಿದು, ಅವನನ್ನು ಸುಟ್ಟುಬಿಡುವ ಹಾಗೆ ನೋಡಿದರು.

"ಅವಳನ್ನ ಯಾಕೋ ಅಂತೀಯಾ? ಅವಳಿಗೆಲ್ಲಿದೆ ಅಷ್ಟು ಬುದ್ಧಿ!"