ಒಂದು ಅವಸರ ಬೇಕು

ಪ್ಲಸ್ ಟು ಮುಗಿಸಿದ ಮಕ್ಕಳನ್ನು ಆಗೆಲ್ಲ ಎರಡು ತಿಂಗಳು ಯಾರೂ ಬೈಯುತ್ತಿರಲಿಲ್ಲ. ಮುಂದೇನು ಎಂಬುದು ಮನೆಯವರಿಗೇ ಗೊತ್ತಿರಲಿಲ್ಲ, ಬೈದು ಮಾಡುವುದೇನು? ನಾನೂ ಸುಮಿಯೂ ತಿರುವನಂತಪುರದ ನಮ್ಮ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು, ಹುಳಿ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ, ಹಲ್ಲು ಜುಮ್ಮೆನ್ನುವ ತನಕ ತಿನ್ನುತ್ತಿದ್ದೆವು. ಸಂಜೆ ಕಾಕ್ ಕಣ್ಣಿಗೆ ಕಾಣದಾಗುವವರೆಗೂ ಷಟಲ್ ಆಡುತ್ತಿದ್ದೆವು. ಸೋತರೆ ನಾನು ಜಗಳ ತೆಗೆಯುತ್ತಿದ್ದೆ, ಅವಳು ನಗುತ್ತಿದ್ದಳು.

ನಾವು ಮೈಸೂರಿನವರು. ಅಪ್ಪನಿಗೆ ಕೇಂದ್ರ ಸರ್ಕಾರದ ಸಂಸ್ಥೆಯೊಂದಕ್ಕೆ ವರ್ಗವಾಗಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ ಇಲ್ಲಿಗೆ ಬಂದೆವು. ಸುಮಿಯ ಮನೆಯವರು ಕಾಸರಗೋಡಿನ ಕನ್ನಡಿಗರು. ಅವಳಪ್ಪನಿಗೂ ಸರ್ಕಾರಿ ಕೆಲಸ. ಅವಳು ಎರಡು ವರ್ಷದ ಮಗುವಾಗಿದ್ದಾಗಿನಿಂದ ಈ ಊರಲ್ಲೇ ಬೆಳೆದವಳು. ಅವಳಮ್ಮ ಜಲಜಕ್ಕ ಕನ್ನಡದಲ್ಲಿ ಕೇಳುತ್ತಿದ್ದರು, ಮಗಳು ಮಲಯಾಳದಲ್ಲಿ ಉತ್ತರಿಸುತ್ತಿದ್ದಳು.

"ಎಂತ ಮಾರಾಯ್ತಿ, ಅನ್ನ ಬೇಡವಾ ನಿಂಗೆ?"

"ವೇಂಡ ಅಮ್ಮೇ."

ಸುಮಿಗೆ ಪ್ರಾಣಿಗಳ ಡಾಕ್ಟರಾಗಬೇಕಿತ್ತು. ಬೀದಿಯ ಯಾವ ನಾಯಿ ಕುಂಟಿದರೂ ಅಪ್ಪನ ಹಳೆಯ ಮುಂಡು ಪಂಚೆ ಹರಿದು ಕಟ್ಟುತ್ತಿದ್ದಳು. ನಾನೋ, ನಾಯಿ ಬೊಗಳಿದರೆ ಕಾಂಪೌಂಡ್ ಗೋಡೆ ಹತ್ತುವವಳು. ಆದರೂ ಅವಳು ತುಂಬಿದ ಅರ್ಜಿಯನ್ನೇ ನಾನೂ ತುಂಬಿದೆ. ನನಗೇನು ಬೇಕೆಂದು ನನಗೇ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಅದೊಂದೇ ಕಾರಣ.

ಕೇರಳದ ಪಟ್ಟಿಯಲ್ಲಿ ಸುಮಿಗೆ ಕೂದಲೆಳೆಯಲ್ಲಿ ಸೀಟು ತಪ್ಪಿತು. ನನ್ನ ಹೆಸರಂತೂ ಇರಲೇ ಇಲ್ಲ. ಇಬ್ಬರಿಗೂ ಉಳಿದದ್ದು ಕರ್ನಾಟಕದ ಸೀಟು. ಹೊರಗೆ ಬೆಳೆದ ಕನ್ನಡದ ಮಕ್ಕಳಿಗೆಂದು ಕೆಲವನ್ನು ಇಟ್ಟಿದ್ದರು. ಅದಕ್ಕೆ ಬೆಂಗಳೂರಿಗೆ ಹೋಗಿ, ಪರೀಕ್ಷಕರ ಎದುರು ಕೂತು ಕನ್ನಡ ಮಾತಾಡಿ ತೋರಿಸಬೇಕಿತ್ತು. ಜಲಜಕ್ಕ ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು.

"ನೀನೇ ಇವಳಿಗೆ ಮಾತಾಡ್ಲಿಕ್ಕೆ ಕಲಿಸ್ಬೇಕು ಮಗಳೇ. ನಾನು ಹೇಳಿದ್ರೆ ಕೇಳುದಿಲ್ಲ. ಇವಳಿಗೆ ಇನ್ನು ಇದೊಂದೇ ದಾರಿ ಇರುದು."

ನಾನು ಮೇಷ್ಟ್ರಾದೆ. ಅಬ್ಬಾ, ಏನು ಜಂಬ! ಮಧ್ಯಾಹ್ನವೆಲ್ಲ ಪಾಠ. ಅಮ್ಮ ಒಳಗಿನಿಂದ "ಸಾಮಾನಿನ ಪಟ್ಟಿ ಎಲ್ಲಿ?" ಎಂದರೆ ಸುಮಿ ಮೇಜಿನ ಕೆಳಗೆ ಬಗ್ಗಿ ಹುಡುಕುತ್ತಿದ್ದಳು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಇಂಥ ತಪ್ಪುಗಳನ್ನೆಲ್ಲ ನಕ್ಕು ತಿದ್ದಿದೆ. ಒಂದನ್ನು ಮಾತ್ರ ತಿದ್ದಲಿಲ್ಲ.

"ಕರ್ನಾಟಕದಲ್ಲಿ ಯಾಕೆ ಓದಬೇಕು?" ಎಂದು ಪರೀಕ್ಷಕರ ಗತ್ತಿನಲ್ಲಿ ಕೇಳಿದ್ದೆ. ಸುಮಿ ಬೆನ್ನು ನೆಟ್ಟಗೆ ಮಾಡಿ ಕೂತು, "ನಾನು ಪ್ರಾಣಿಗಳನ್ನು ಪ್ರೀತಿ ಮಾಡುತ್ತೇನೆ. ನನಗೆ ಒಂದು ಅವಸರ ಬೇಕು" ಎಂದಳು.

ಮಲಯಾಳದಲ್ಲಿ ಅವಸರ ಎಂದರೆ ಅವಕಾಶ. ಕನ್ನಡದಲ್ಲೂ ಅದೇ ಎಂದುಕೊಂಡಿದ್ದಳು. ನನಗೆ ಒಳಗೊಳಗೇ ನಗು ತಡೆಯಲಾಗಲಿಲ್ಲ. "ಭೇಷ್, ಹೀಗೇ ಹೇಳು" ಎಂದೆ. ದಿನಾ ಹೇಳಿಸಿದೆ. ನಾಳೆ ಹೇಳಿದರಾಯಿತು, ಇನ್ನೊಂದು ದಿನ ನಗೋಣ ಎಂದುಕೊಂಡಿದ್ದೆ. ಅಲ್ಲಿಯವರೆಗೆ ಅದು ಬರೀ ತಮಾಷೆ. ಆದರೆ ಒಂದು ದಿನ ಸುಮಿ ಹೋದ ಮೇಲೆ ಅಮ್ಮ ಅಕ್ಕಿ ಆರಿಸುತ್ತಾ, "ಆ ಸೀಟುಗಳಿರೋದೇ ನಾಲ್ಕೋ ಐದೋ. ಅವಳ ಮಾರ್ಕ್ಸು ನಿನಗಿಂತ ಜಾಸ್ತಿ ಕಣೇ" ಎಂದರು. ಅಷ್ಟೇ ಅಂದದ್ದು. ಮಾರನೆಯ ದಿನದಿಂದ ಆ ವಾಕ್ಯ ಕೇಳಿದರೆ ನನಗೆ ನಗು ಬರಲಿಲ್ಲ. ಆದರೂ ತಿದ್ದಲಿಲ್ಲ.

ಅಪ್ಪ ನಮ್ಮಿಬ್ಬರನ್ನೂ ತಂಪಾನೂರು ಸ್ಟೇಷನ್ನಿನಿಂದ ಬೆಂಗಳೂರಿನ ರೈಲಿಗೆ ಹತ್ತಿಸಿಕೊಂಡು ಹೊರಟರು. ಆಲುವದಲ್ಲಿ ಸುಮಿಯ ಸೋದರಮಾವ ಬಂದು ಕಿಟಕಿಯಲ್ಲಿ ಬಿಸಿ ಪಳಂಪೊರಿಯ ಪೊಟ್ಟಣ ಕೊಟ್ಟರು. ಬಾಳೆಹಣ್ಣಿನ ಆ ಬಜ್ಜಿಯ ಎಣ್ಣೆ ಕಾಗದ ದಾಟಿ ನನ್ನ ಲಂಗಕ್ಕೆ ಹತ್ತಿತು. ಅಪ್ಪ ನೀರು ತರಲು ಇಳಿದಿದ್ದರು. ಸುಮಿ ಕಣ್ಣು ಮುಚ್ಚಿ ತನ್ನ ವಾಕ್ಯ ಒಪ್ಪಿಸಿ, "ಶರಿಯಲ್ಲೇಡೀ?" ಎಂದಳು. ಸರಿ ತಾನೇ, ಎಂದು.

ಅವಕಾಶ. ನಾಲ್ಕೇ ಅಕ್ಷರ. ಬಾಯಲ್ಲಿ ಪಳಂಪೊರಿ ಇತ್ತು, ನುಂಗಿಕೊಂಡು ಹೇಳಬಹುದಿತ್ತು. ನುಂಗಿಕೊಂಡೆ. "ಸರಿ" ಎಂದೆ.

ಬೆಂಗಳೂರಿನಲ್ಲಿ ನಾನು ಮೊದಲು ಒಳಗೆ ಹೋಗಿ ಸಲೀಸಾಗಿ ಹೊರಗೆ ಬಂದೆ. ಅವಳು ಹೋದವಳು ಬೇಗನೇ ಬಂದಳು. ಒಳಗೆ ಏನಾಯಿತೆಂದು ಹಿಂತಿರುಗುವ ರೈಲಿನಲ್ಲಿ ಹೇಳಿದಳು. "ಅವಸರ ಬೇಕು" ಎಂದಾಗ ಒಬ್ಬರು, "ಅಷ್ಟೊಂದು ಅವಸರ ಯಾಕಮ್ಮಾ?" ಎಂದರಂತೆ. ಅಷ್ಟೊಂದು ಅವಕಾಶ ಯಾಕೆ ಎಂದು ಕೇಳುತ್ತಿದ್ದಾರೆಂದು ತಿಳಿದು ಇವಳು, "ಒಂದೇ ಸಾಕು ಸಾರ್" ಎಂದಳಂತೆ. ಎಲ್ಲರೂ ಗೊಳ್ಳೆಂದು ನಕ್ಕರು. ಆ ಮೇಲೆ ಇವಳು ಬಾಯಿ ತೆರೆದರೆ ಬರೀ ಮಲಯಾಳವೇ ಬಂತು. ಬಾಗಿಲ ಬಳಿಯ ಹೆಂಗಸೊಬ್ಬರು ಅವಳಿಗೆ ಪದದ ಅರ್ಥ ಹೇಳಿ ಕಳಿಸಿದರಂತೆ.

"ಕನ್ನಡತ್ತಿಲ್ ಅವಸರಂ ಎನ್ನಾಲ್ ಧೃತಿ ಅಂತೆ. ನಿನಗೆ ಗೊತ್ತಿತ್ತಾ?"

ಧೃತಿ ಎಂದರೆ ಮಲಯಾಳದಲ್ಲಿ ಆತುರ. ನಮ್ಮಲ್ಲಿ ಅದು ಧೈರ್ಯ. ನನಗೆ ಅದಿರಲಿಲ್ಲ.

"ಇಲ್ಲ" ಎಂದೆ. ಮೈಸೂರಿನಲ್ಲಿ ಹುಟ್ಟಿದವಳಿಗೆ ಅವಸರ ಎಂದರೇನೆಂದು ಗೊತ್ತಿಲ್ಲವಂತೆ! ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಸಾರಮಿಲ್ಲ, ಹೋಗಲಿ ಬಿಡು, ಮುಂದಿನ ವರ್ಷ ನೋಡುವ" ಎಂದು ನನ್ನ ಬೆನ್ನು ತಟ್ಟಿದಳು. ಸೋತವಳು ಅವಳು, ಸಮಾಧಾನ ನನಗೆ.

ಮುಂದಿನ ವರ್ಷ ಬರಲಿಲ್ಲ. ಅವಳಪ್ಪ ಕಾಯಿಲೆ ಬಿದ್ದರು. ಅವಳು ಆಲುವದ ಮಾವನ ಮನೆಯಿಂದ ಬಿಕಾಂ ಮಾಡಿದಳು. ಸೀಟು ನನಗೆ ಸಿಕ್ಕಿತು. ಪದವಿ ಪಡೆದೆ, ಪಶು ಆಹಾರದ ಕಂಪನಿಯೊಂದರಲ್ಲಿ ಕುರ್ಚಿಯ ಮೇಲೆ ಕೂತೆ. ಒಂದು ಕರುವಿನ ಮೈ ಮುಟ್ಟಿ ಎಷ್ಟು ವರ್ಷವಾಯಿತೋ.

ಕಳೆದ ತಿಂಗಳು ಕಂಪನಿ ಕೆಲಸಕ್ಕೆ ಕೊಚ್ಚಿಗೆ ಹೋದವಳು ಅಲ್ಲಿನ ಮಟ್ಟಾಂಚೇರಿಗೆ ಸುಮಿಯನ್ನು ಹುಡುಕಿಕೊಂಡು ಹೋದೆ. ಕಾಳುಮೆಣಸು, ಒಣಶುಂಠಿಯ ಗೋದಾಮಿನ ಕಚೇರಿಯಲ್ಲಿ ಅವಳಿಗೆ ಕೆಲಸ. ಶುಂಠಿಯ ಘಾಟಿಗೆ ನನಗೆ ಸೀನು ತಡೆಯಲಾಗಲಿಲ್ಲ, ಅವಳು ನಕ್ಕಳು. ಮಲಯಾಳದಲ್ಲೇ ಮಾತಾಡಿದಳು. ಜಲಜಕ್ಕ ತೀರಿಹೋಗಿ ಮೂರು ವರ್ಷವಾಯಿತಂತೆ. ಆಮೇಲೆ ತನಗೆ ಕನ್ನಡ ಮರೆತೇ ಹೋಯಿತು ಎಂದಳು. ಹೇಳಿಕೊಡಲು ಕೂತವಳೇ ಅವಳ ಬಾಯಿಂದ ಕನ್ನಡ ಕಿತ್ತುಕೊಂಡೆ. ಅವಳಿಗೆ ಸಿಗಬೇಕಾದ ಕೆಲಸವನ್ನೂ ನಾನೇ ಇಟ್ಟುಕೊಂಡು ಹಾಳುಮಾಡಿದೆ. ಗೇಟಿನವರೆಗೆ ಬಿಡಲು ಬಂದಳು. ಅಲ್ಲಿ ಮೂರು ಕಾಲಿನ ನಾಯಿಯೊಂದು ಅವಳಿಗಾಗಿ ಕಾಯುತ್ತಿತ್ತು. ಅವಳು ಚೀಲದಿಂದ ಬಿಸ್ಕತ್ತು ತೆಗೆದಳು.

"ಸುಮಿ, ನಿನ್ನ ಹತ್ತಿರ ಒಂದು ಮಾತು ಹೇಳ್ಬೇಕು. ಆ ರೈಲಿನಲ್ಲಿ..."

ಅವಳು ನಾಯಿಯ ತಲೆ ಸವರುತ್ತಲೇ, ಅಚ್ಚ ಕನ್ನಡದಲ್ಲಿ, ಒಂದಕ್ಷರವೂ ತಪ್ಪದೆ ಹೇಳಿದಳು:

"ಅವಸರ ಏನಿಲ್ಲ."