ಮಾತಾಡಿದವರ ಹೆಸರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಅದೂ ಎಷ್ಟೆಂದರೆ, ಹೆಬ್ಬಾಳ ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡಾಗಲೂ ಟ್ರಾಫಿಕ್ಕನ್ನು ಬಿಟ್ಟು ಅವಳನ್ನೇ ಬೈದುಕೊಳ್ಳುವಷ್ಟು.

ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ಎರಡು ವಾರಕ್ಕೊಮ್ಮೆ, ಶುಕ್ರವಾರ, ಪ್ರತಿ ತಂಡವೂ ಕೂತು ತಾನು ಮಾಡಿದ ಕೆಲಸವನ್ನು ಹಿಂತಿರುಗಿ ನೋಡಬೇಕು. ಏನು ಚೆನ್ನಾಗಿ ಆಯಿತು, ಏನು ಕೆಟ್ಟಿತು, ಮುಂದೆ ಏನು ಬದಲಿಸೋಣ. ಇದಕ್ಕೆ ರೆಟ್ರೋ ಎನ್ನುತ್ತಾರೆ. ನನ್ನ ತಂಡದ ರೆಟ್ರೋವನ್ನು ಮೂರು ವರ್ಷದಿಂದ ನಾನೇ ನಡೆಸುತ್ತಿದ್ದೆ, ಅದೂ ಬಹಳ ಅಚ್ಚುಕಟ್ಟಾಗಿ. ಬೋರ್ಡಿನ ಮೇಲೆ ಮೂರು ಕಾಲಂ, ಮೂರು ಬಣ್ಣದ ಪೆನ್ನು, ಯಾರು ಏನು ಹೇಳಿದರೋ ಅದರ ಪಕ್ಕದಲ್ಲಿ ಅವರ ಹೆಸರು. ಯಲಹಂಕದ ಶಾಲೆಯಲ್ಲಿ ನಾನು ಕ್ಲಾಸ್ ಲೀಡರ್ ಆಗಿದ್ದವನು. ನನ್ನ ಅಕ್ಷರ ಇಂದಿಗೂ ದುಂಡಗಿದೆ. ತಂಡದ ಎಂಟು ಜನರೂ ಸಾಲಾಗಿ ಒಂದೇ ಮಾತು ಹೇಳುತ್ತಿದ್ದರು: "ಎಲ್ಲಾ ಚೆನ್ನಾಗಿತ್ತು ಸರ್." ಇಪ್ಪತ್ತು ನಿಮಿಷಕ್ಕೆ ಸಭೆ ಮುಗಿಯುತ್ತಿತ್ತು. ನನ್ನ ತಂಡದಲ್ಲಿ ತೊಂದರೆಯೇ ಇಲ್ಲ ಎಂದು ಬೀಗುತ್ತಿದ್ದೆ.

ಆಮೇಲೆ ಪಕ್ಕದ ತಂಡದ ರೆಟ್ರೋ ನಡೆಸಲು ಅವಳು ಬಂದಳು. ಗದಗಿನ ಕಡೆಯವಳು, ಅಮೃತಹಳ್ಳಿಯ ಪಿ.ಜಿ.ಯಲ್ಲಿ ವಾಸ, ನನಗಿಂತ ಹತ್ತು ವರ್ಷ ಚಿಕ್ಕವಳು. ನಮ್ಮಿಬ್ಬರ ಸಭೆಯ ಕೋಣೆಗಳ ನಡುವೆ ಇದ್ದದ್ದು ಒಂದು ಗಾಜಿನ ಗೋಡೆ. ಈ ಕಡೆ ನನ್ನವರು ಮೇಜಿನ ಕೆಳಗೆ ಮೊಬೈಲ್ ನೋಡುತ್ತಿದ್ದರೆ ಆ ಕಡೆ ನಗು, ಜಗಳ, ಮತ್ತೆ ನಗು. ಒಂದು ಗಂಟೆಯಾದರೂ ಯಾರೂ ಏಳುತ್ತಿರಲಿಲ್ಲ. ಅವಳ ಬೋರ್ಡಿನಲ್ಲಿ ಒಂದು ಗೆರೆ ಕೂಡ ನೆಟ್ಟಗಿರುತ್ತಿರಲಿಲ್ಲ! ತಿನ್ನಲು ಏನಾದರೂ ಕೊಡುತ್ತಾಳೇನೋ ಎಂದುಕೊಂಡು ಮುಂದಿನ ಸಲ ನಾನು ಎಲ್ಲರಿಗೂ ಖಾರಾ ಬನ್ ತರಿಸಿದೆ. ಬನ್ ತಿಂದು, ಕೈ ಒರೆಸಿಕೊಂಡು, "ಎಲ್ಲಾ ಚೆನ್ನಾಗಿತ್ತು ಸರ್" ಎಂದರು.

ಮರುವಾರವೇ ನಾವು ಗ್ರಾಹಕರಿಗೆ ಕೊಟ್ಟಿದ್ದ ಸಾಫ್ಟ್‌ವೇರ್ ಕೆಟ್ಟು ನಿಂತಿತು. ತಪ್ಪು ಹುಡುಕುವುದೇ ಕೆಲಸವಾದ ನಮ್ಮ ಟೆಸ್ಟರಿಗೆ ಅದು ಮೊದಲೇ ಗೊತ್ತಿತ್ತಂತೆ, ಆದರೆ ರೆಟ್ರೋದಲ್ಲಿ ಬಾಯಿ ಬಿಟ್ಟಿರಲಿಲ್ಲ. ಮ್ಯಾನೇಜರ್ ನನ್ನನ್ನು ಕರೆದು, "ಈ ಸಲ ನಿಮ್ ಟೀಮ್ ರೆಟ್ರೋ ಪಕ್ಕದ ಟೀಮ್ ಮೇಡಂ ಮಾಡ್ಲಿ. ನೀವು ಸುಮ್ನೆ ಕೂತ್ಕೊಂಡು ನೋಡಿ. ಚೆನ್ನಾಗ್ ಹೋದ್ರೆ ಇನ್ಮುಂದೆ ಅವ್ರಿಗೇ ಕೊಟ್ಬಿಡೋಣ" ಎಂದರು. ಅದು ಹಾಳಾಗಿ ಹೋಗಲಿ ಎಂದು ನಾನು ಮನಸಾರೆ ಬೇಡಿಕೊಂಡೆ.

ಶುಕ್ರವಾರ ಅವಳು ಬಂದವಳೇ ನಾನು ಎಳೆದಿಟ್ಟಿದ್ದ ಕಾಲಂಗಳನ್ನು ಒರೆಸಿದಳು. ಪೆನ್ನನ್ನು ಮುಟ್ಟದೆ ಎಲ್ಲರ ನಡುವೆ ಕುರ್ಚಿ ಎಳೆದುಕೊಂಡು ಕೂತಳು. "ಈ ಎರಡ ವಾರದಾಗ ಯಾರಿಗೆ ಏನ್ ತ್ರಾಸ ಆತು, ಹೇಳ್ರಿ. ಮೊದ್ಲ ನಂದ ಹೇಳ್ತೀನಿ" ಎಂದು, ತಾನೇ ಮಾಡಿದ ಒಂದು ಪೆದ್ದು ತಪ್ಪನ್ನು ಹೇಳಿಕೊಂಡಳು. ಎಲ್ಲರೂ ನಕ್ಕರು. ನಾನು ಕೇಳುತ್ತಿದ್ದದ್ದು ಏನು ಕೆಟ್ಟಿತು ಎಂದು. ಕೆಟ್ಟದ್ದಕ್ಕೆ ಕೆಡಿಸಿದವರು ಯಾರಾದರೂ ಬೇಕಾಗುತ್ತದೆ. ತ್ರಾಸಕ್ಕೆ ಯಾರೂ ಬೇಕಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ಟೆಸ್ಟರ್ ಬಾಯಿ ಬಿಟ್ಟಳು. "ಪ್ರಾಬ್ಲಮ್ ನಂಗೆ ಗೊತ್ತಿತ್ತು. ಹೇಳಿದ್ರೆ ಬೋರ್ಡ್ ಮೇಲೆ ಹೆಸ್ರು ಬೀಳುತ್ತೆ. ಸ್ಕೂಲಲ್ಲಿ ಮಾತಾಡಿದವ್ರ ಹೆಸ್ರು ಬರೀತಿದ್ರಲ್ಲ, ಹಂಗನ್ಸುತ್ತೆ ನಂಗೆ." ಅವಳು ನನ್ನ ಕಡೆ ನೋಡಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಶುರು ಮಾಡಿದರು. ಮೂರು ವರ್ಷದ್ದು ಬಾಕಿಯಿತ್ತು.

ಕೊನೆಗೆ ಗದಗಿನವಳು ನನ್ನತ್ತ ತಿರುಗಿದಳು. "ನಿಮಗ ಏನ್ ತ್ರಾಸ ಆತ್ರೀ, ಸರ?"

ನನ್ನ ತ್ರಾಸ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿತ್ತು. ಎಂಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಏನಿಲ್ಲಮ್ಮ," ಎಂದೆ. "ಎಲ್ಲಾ ಚೆನ್ನಾಗಿತ್ತು."