ಹನ್ನೊಂದು ನಲವತ್ತರ ನೋಟ್

ಯಾರಾದರೂ ಸತ್ತವರು ಬಂದ ಕಥೆ ಶುರುಮಾಡಿದರೆ, "ಹಿಂದಿನ ದಿನ ಏನು ತಿಂದಿದ್ದಿರಿ?" ಎಂದು ಕೇಳಿ ನಗುತ್ತಿದ್ದವಳು ನಾನು. ಡಾಕ್ಟರಾದವಳಿಗೆ ಅಷ್ಟು ಜಂಬ ಇರುತ್ತದೆ. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಿದರೆ ಬೇಸರವಿಲ್ಲ. ಹಿಂದಿನ ದಿನ ರಾತ್ರಿ ಎರಡು ಚಪಾತಿ ತಿಂದಿದ್ದೆ, ಅಷ್ಟೆ.

ನಾನು ಮುಂಬಯಿಯ ಆಸ್ಪತ್ರೆಯಲ್ಲಿ ರೆಸಿಡೆಂಟ್, ಅಂದರೆ ತರಬೇತಿಯ ಕಿರಿಯ ಡಾಕ್ಟರ್ ಆಗಿದ್ದಾಗ ನಮ್ಮ ಯೂನಿಟ್ಟಿಗೆ ಉಡುಪಿ ಕಡೆಯ ಒಬ್ಬರು ಮುಖ್ಯಸ್ಥರಿದ್ದರು. ನಾವೆಲ್ಲ ಸರ್ ಎನ್ನುತ್ತಿದ್ದೆವು. ಮುಂಬಯಿಯ ಬೆವರಿಗೆಂದು ಅಂಗಿಯ ಕಾಲರಿನೊಳಗೆ ಕರವಸ್ತ್ರ ಸಿಕ್ಕಿಸಿಕೊಳ್ಳುತ್ತಿದ್ದರು. ರೋಗಿಯನ್ನು ಮುಟ್ಟುವ ಮುಂಚೆ ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ರೆಸಿಡೆಂಟ್ ಎಷ್ಟೇ ಚೆನ್ನಾಗಿ ಬರೆದಿರಲಿ, ಅದರ ಕೆಳಗೆ ಸುಮ್ಮನೆ ಸಹಿ ಹಾಕಿದ್ದನ್ನು ನಾನು ಕಾಣೆ. ಹಾಸಿಗೆಯ ಹತ್ತಿರ ಹೋಗಿ, ತಾವೇ ನೋಡಿ, ಕಂಡದ್ದನ್ನು ತಮ್ಮ ಕೈಯಲ್ಲೇ ಬರೆದು ಸಮಯ ಹಾಕುತ್ತಿದ್ದರು. ಒಮ್ಮೆ ನಾನು ರೋಗಿಯ ಕಾಲು ನೋಡದೆಯೇ ಸರಿಯಾಗಿದೆ ಎಂದು ಬರೆದು ಸಿಕ್ಕಿಬಿದ್ದೆ. "ನೋಡದೆ ಬರೆದ್ರೆ ಅದು ಕೇಸ್‌ಪೇಪರ್ ಅಲ್ಲ ಮಾರಾಯ್ತಿ, ಕಾದಂಬರಿ" ಎಂದರು. ಶನಿವಾರ ರೌಂಡ್ಸ್ ಮುಗಿದ ಮೇಲೆ ನಮ್ಮನ್ನೆಲ್ಲ ಇಡ್ಲಿ ತಿನ್ನಿಸಲು ಕರೆದುಕೊಂಡು ಹೋಗುತ್ತಿದ್ದರು; ಅಲ್ಲೂ ಆ ಮಾತು ಎತ್ತಿ ಕಾಡಿಸುತ್ತಿದ್ದರು.

ಸರ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅದೇ ಯೂನಿಟ್ಟಿನಲ್ಲಿ ರೆಸಿಡೆಂಟುಗಳ ಕೆಲಸಕ್ಕೆ ಹೊಣೆಯಾದವಳು ಈಗ ನಾನು. ಹೊಸ ರೋಗಿಯನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಹಿರಿಯ ಡಾಕ್ಟರ್ ಸ್ವತಃ ನೋಡಿ ನೋಟ್ ಬರೆಯಬೇಕೆಂಬುದು ನಮ್ಮಲ್ಲಿನ ನಿಯಮ. ಆ ದಿನ ಮುಲುಂಡಿನಿಂದ ಹೊರಟ ನನ್ನ ಲೋಕಲ್ ರೈಲು, ಓವರ್‌ಹೆಡ್ ವೈರ್ ತುಂಡಾಗಿ ಎರಡು ಸ್ಟೇಷನ್ನುಗಳ ನಡುವೆ ನಿಂತುಬಿಟ್ಟಿತು. ನಾನು ಆಸ್ಪತ್ರೆ ಮುಟ್ಟಿದಾಗ ಹನ್ನೆರಡೂವರೆ. ಹದಿನಾಲ್ಕನೇ ಹಾಸಿಗೆಯ ಬಸವರಾಜ ಹಿಂದಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ನ್ಯುಮೋನಿಯಾದಿಂದ ದಾಖಲಾಗಿದ್ದ. ಅವಧಿ ಮೀರಿತ್ತು. ಎರಡು ಗಂಟೆಗೆ ಕೇಸ್‌ಪೇಪರುಗಳ ತಪಾಸಣೆ ಬೇರೆ.

ಡಾಕ್ಟರುಗಳ ಕೋಣೆಯಲ್ಲಿ ಕೂತು, ರೆಸಿಡೆಂಟ್ ತನ್ವಿಯ ನೋಟಿನ ಕೆಳಗೆ ಬರೆದೆ: ರೋಗಿಯನ್ನು ನಾನೇ ನೋಡಿದ್ದೇನೆ, ರೆಸಿಡೆಂಟರ ನೋಟಿಗೆ ಒಪ್ಪಿಗೆ ಇದೆ. ಸಮಯ ಹನ್ನೊಂದು ನಲವತ್ತು. ನಿಯಮದೊಳಗೆ ಕೂರಲಿ ಎಂದು ಹಾಕಿದ ಸಮಯ ಅದು. ಆ ಹೊತ್ತಿಗೆ ನಾನು ಲೋಕಲ್‌ನಲ್ಲಿ ಕಂಬಿ ಹಿಡಿದು ನಿಂತಿದ್ದೆ.

ಡಬ್ಬಿ ಬಿಚ್ಚುವಷ್ಟರಲ್ಲಿ ವಾರ್ಡಿನಿಂದ ಸಿಸ್ಟರ್ ಫೋನ್ ಮಾಡಿದರು. ಬಸವರಾಜ ಎಕ್ಸ್‌ರೇಗೆ ನಡೆದು ಹೋಗಲು ಒಪ್ಪುತ್ತಿಲ್ಲ, ದೊಡ್ಡ ಡಾಕ್ಟರ್ ನಡೆಯಬೇಡ ಎಂದಿದ್ದಾರಂತೆ. ಯಾವ ದೊಡ್ಡ ಡಾಕ್ಟರ್? ಕೇಸ್‌ಪೇಪರ್ ಹಿಡಿದುಕೊಂಡೇ ಹೋದೆ.

ಬಸವರಾಜ ವಿಜಯಪುರದ ಕಡೆಯವನು, ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುತ್ತಿದ್ದ. ನನ್ನ ಕನ್ನಡ ಕೇಳಿ ಅವನ ಮುಖ ಅರಳಿತು. "ಹಿರ್ಯಾರೊಬ್ರು ಬಂದಿದ್ರರಿ ಮೇಡಂ. ಕಾಲರಿನ್ಯಾಗ ಕರವಸ್ತ್ರ ಇಟ್ಕೊಂಡಿದ್ರು. ಕೈ ತಿಕ್ಕಿ ತಿಕ್ಕಿ ಬೆಚ್ಚಗ ಮಾಡ್ಕೊಂಡು ನನ್ನ ಕಾಲು ಹಿಡದ್ರು. ಮಾರಾಯ ಅಂತ ಕರದ್ರಿ ನನ್ನ. ಕಾಲು ಕೆಳಗ ಇಡಬ್ಯಾಡ, ಮೇಡಂ ಬರ್ತಾರ ಅಂದ್ರು."

"ಎಷ್ಟೊತ್ತಿಗೆ ಬಂದಿದ್ರು?"

ಅವನು ಎದುರಿನ ಗೋಡೆಯ ಗಡಿಯಾರ ತೋರಿಸಿದ. "ಹನ್ನೊಂದು ನಲವತ್ತರಿ. ಹೋಗೂಮುಂದ ಅವ್ರು ಆ ಗಡಿಯಾರ ನೋಡಿ, ನನಗೂ ತೋರ್ಸಿದ್ರು."

ಹಾಳೆ ತಿರುಗಿಸಿ ಸಮಯ ನೋಡಿದೆ. ನಾನು ಬರೆದ ಸಮಯ ನನ್ನ ಕೈಯಲ್ಲಿದ್ದ ಹಾಳೆಯಲ್ಲಿತ್ತು, ಬೇರೆ ಯಾರೂ ಅದನ್ನು ನೋಡಿರಲಿಲ್ಲ. ಹೊದಿಕೆ ಸರಿಸಿದೆ. ಎಡಗಾಲಿನ ಮೀನಖಂಡ ಊದಿ ಬಿಗಿಯಾಗಿತ್ತು, ಮುಟ್ಟಿದರೆ ಬಿಸಿ. ತನ್ವಿಯ ನೋಟಿನಲ್ಲಿ ಎರಡೂ ಕಾಲು ಸರಿಯಾಗಿವೆ ಎಂದಿತ್ತು. ಅವಳನ್ನು ಕರೆಸಿ ಕೇಳಿದೆ. "ನಿನ್ನೆ ನೋಟಿಂದ ಕಾಪಿ ಮಾಡ್ದೆ ಮ್ಯಾಡಮ್, ಆಜ್ ದೇಖಾ ನಹೀ" ಎಂದು, ಇವತ್ತು ನೋಡೇ ಇಲ್ಲವೆಂದು ಅವಳು ಅಳತೊಡಗಿದಳು. ಅವಳನ್ನು ಬೈಯಲು ನನಗೆ ಯಾವ ಮುಖವಿತ್ತು? ಸ್ಕ್ಯಾನ್ ಮಾಡಿದಾಗ ರಕ್ತನಾಳದಲ್ಲಿ ದೊಡ್ಡ ಹೆಪ್ಪು ಕಂಡಿತು. ಅದು ಕಳಚಿ ಶ್ವಾಸಕೋಶಕ್ಕೆ ಹೋಗಿದ್ದರೆ ಅವನು ಉಳಿಯುವುದು ಕಷ್ಟವಿತ್ತು. ಎರಡು ವಾರದ ಮೇಲೆ ಅವನು ನಡೆದುಕೊಂಡೇ ಮನೆಗೆ ಹೋದ.

ಆ ಬೆಳಿಗ್ಗೆ ಯಾರು ಬಂದಿದ್ದರೆಂದು ಎಲ್ಲರನ್ನೂ ಕೇಳಿದೆ. "ಕೋಣೀ ನಾಹೀ ಆಲಂ ಮ್ಯಾಡಮ್" ಎಂದರು ಸಿಸ್ಟರ್, ಯಾರೂ ಬಂದಿಲ್ಲ ಎಂದು. ಪಕ್ಕದ ಹಾಸಿಗೆಯವನೂ ಏನೂ ಕಂಡಿರಲಿಲ್ಲ. ಬಸವರಾಜ ಜ್ವರದಲ್ಲಿ ಕನವರಿಸಿದನೆಂದುಕೊಳ್ಳೋಣವೆಂದರೆ, ಆ ದಿನ ಬೆಳಿಗ್ಗೆಯಿಂದಲೇ ಅವನ ಜ್ವರ ಇಳಿದಿತ್ತು.

ಕೇಸ್‌ಪೇಪರಿನಲ್ಲಿ ತಪ್ಪನ್ನು ಅಳಿಸುವಂತಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ನಾನು ಹಾಗೆಯೇ ಮಾಡಿದೆ. ಆ ಸಮಯದಲ್ಲಿ ನೋಡಿರಲಿಲ್ಲವೆಂದೂ, ನಿಜವಾಗಿ ನೋಡಿದ್ದು ಒಂದೂವರೆಗೆಂದೂ ಬರೆದೆ. ತಪಾಸಣೆಯವರು ಮೆಮೊ ಕೊಟ್ಟರು, ತೆಗೆದುಕೊಂಡೆ. ಅಂದಿನಿಂದ ನೋಡದೆ ಒಂದಕ್ಷರ ಬರೆದಿಲ್ಲ. ರೋಗಿಯನ್ನು ಮುಟ್ಟುವ ಮುಂಚೆ ನಾನೂ ಅಂಗೈ ಉಜ್ಜಿಕೊಳ್ಳುತ್ತೇನೆ.

ನಾನು ಬರೆದದ್ದು ಸುಳ್ಳು, ಅದರಲ್ಲಿ ಅನುಮಾನವಿಲ್ಲ. ಆದರೆ ಹನ್ನೊಂದು ನಲವತ್ತಕ್ಕೆ ಆ ರೋಗಿಯನ್ನು ಒಬ್ಬರು ನೋಡಿದ್ದರು, ಸರಿಯಾಗಿಯೇ ನೋಡಿದ್ದರು. ಹಾಗಾದರೆ ನಾನು ಗೆರೆ ಎಳೆದದ್ದು ಯಾರ ನೋಟಿನ ಮೇಲೆ?